ನಮ್ಮ ಪಿನ್‌ಕೋಡ್ 580001 ಯಾವ ಮಗ್ಗ್ಯಾಗೂ ಬರವಲ್ದು, ಖಾತ್ರಿ ಹೆಂಗ ಮಾಡ್ಕೊಳ್ಳೋದ್ರಿ?

ಪೇಢೆ_ಪ್ರಿಯೆ, ಧಾರವಾಡ

ನಮಸ್ಕಾರ್ರಿ ಎಲ್ಲಾರಿಗೂ. ಪ್ರಶ್ನೆ ಸ್ವಲ್ಪ ಹುಚ್ಚುಚ್ಚ ಐತಿ, ಬೈಬ್ಯಾಡ್ರಿ. ನಮ್ಮ ಅಕ್ಕನ ಲಗ್ನ ಬಂದೈತಿ, ಪತ್ರಿಕಿ ಕವರ್ ಮ್ಯಾಲೆ ವಿಳಾಸ ಬರಿಯೂ ಕೆಲಸ ಅಕ್ಷರ ಚಂದ ಅದಾವ ಅನ್ನೂ ಒಂದ ಕಾರಣಕ್ಕ ನನ್ನ ಕೊಳ್ಳಿಗೆ ಬಿದ್ದೈತಿ. ಎಲ್ಲಾರೂ ವಾಟ್ಸಾಪ್‌ನ್ಯಾಗ ಒಗದು ಕೈ ತೊಳಕೋತಾರ, ನಮ್ಮ ಅಪ್ಪಾಜಿ ಮಾತ್ರ ಅರಿಷಿಣ ಹಚ್ಚಿದ ಪತ್ರಿಕಿ ಕೈಗೆ ಮುಟ್ಟಿದ್ರನ ಕರದಂಗ ಅಂತಾರ. ಹಂಗಾಗಿ ನಿನ್ನೆ ಸಂಜಿ ಪಡಸಾಲಿಯೊಳಗ ಚಾಪಿ ಹಾಸಿ ಕುಂತು ಬರ್ದೆ ಬರ್ದೆ ಬರ್ದೆ, ಅರ್ಧಕ್ಕರ್ಧ ಬೀಗರು ಧಾರವಾಡದಾವ್ರ, ಎಲ್ಲಾದ್ರ ಕೆಳಗೂ 580001, 580001, 580001, ಕೈಗೆ ಅದು ಎಷ್ಟು ರೂಢಿ ಆತಂದ್ರ ರಾತ್ರಿ ಕನಸಿನ್ಯಾಗೂ ಅದನ್ನ ಬರ್ಯಾಕತ್ತಿದ್ದೆ.

ಬಾಜೂಕ ಗೋಂದು ಹಚ್ಚಾಕ ಕುಂತಿದ್ದ ನಮ್ಮ ಕಾಕಾನ ಮಗ, ಏಳನೇತ್ತ ಓದ್ತಾನ, ಒಮ್ಮಿಂದೊಮ್ಮೆಲೆ ಕೇಳಿದ: "ಅಕ್ಕಾ, ಇದು ಯಾವ ಮಗ್ಗ್ಯಾಗ ಬರ್ತೈತಿ?" ನಾ ಬಿಎಸ್ಸಿ ಮಾಡಿದಾಕಿ, ಮರ್ಯಾದಿ ಪ್ರಶ್ನೆ ಆತಲ್ಲ. ಕವರಿನ ಹಿಂದನ ಲೆಕ್ಕ ಸುರು ಮಾಡಿದೆ. 2ಕ್ಕೂ 5ಕ್ಕೂ ಆಗೂದಿಲ್ಲ ಅನ್ನೂದು ಕಣ್ಣಿಗೇ ಕಾಣ್ತೈತಿ, ಅಂಕಿ ಕೂಡಿಸಿದ್ರ 14, ಅಂದ್ರ 3ಕ್ಕೂ ಇಲ್ಲ. 7ಕ್ಕ ಹೋದೆ, 82857 ಸಲ ಹೋಗಿ 2 ಉಳೀತು. 11ಕ್ಕ 4 ಉಳೀತು, 13ಕ್ಕ 6, 17ಕ್ಕ 12. 29ಕ್ಕ ಬಂದಾಗ ಎದಿ ಧಸಕ್ ಅಂತು, ಯಾಕಂದ್ರ 29 ಇಪ್ಪತ್ತು ಸಾವಿರ ಅಂದ್ರ ಸರೀ 580000, ಬರೇ ಒಂದು, ಬರೇ ಒಂದರಾಗ ತಪ್ಪಿಸ್ಕೋತು ನೋಡ್ರಿ. 71ಕ್ಕೂ 2 ಉಳೀತು. ಅಲ್ಲಿಗೆ ಗೋಂದೂ ಒಣಗಿತ್ತು, ಅವ್ವ ಒಳಗಿಂದ ಒದರಾಕತ್ತಿದ್ಳು, ಬಿಟ್ಟೆ.

ಈಗ ನನ್ನ ಪ್ರಶ್ನೆ ಏನಂದ್ರ, ಇದು ಅವಿಭಾಜ್ಯ ಸಂಖ್ಯೆ ಹೌದೋ ಅಲ್ಲೋ, ಮತ್ತ ಎಲ್ಲಿ ತನಕ ಭಾಗಿಸಿ ನೋಡಿ ಕೈ ಬಿಡಬೇಕು? ಮೊಬೈಲ್‌ನ್ಯಾಗ ಹಾಕಿದ್ರ ಒಂದು ಸೆಕೆಂಡಿನ ಕೆಲಸ ಅಂತ ಗೊತ್ತೈತ್ರಿ, ಅದನ್ನ ಹೇಳಬ್ಯಾಡ್ರಿ, ಹುಡುಗಗ ಕೈಲೆ ಮಾಡಿ ತೋರಿಸ್ಬೇಕು. ಇನ್ನೊಂದು ಆಸೆ. ನಮ್ಮದು ಅವಳಿ ನಗರ. ಎರಡರ ಅಂತರದಾಗ ಇರೂ ಜೋಡಿ ಅವಿಭಾಜ್ಯಕ್ಕ ಅವಳಿ ಅವಿಭಾಜ್ಯ ಅಂತಾರಲ್ಲ, 11 ಮತ್ತ 13, 17 ಮತ್ತ 19 ಇದ್ದಂಗ. ನಾ ಕಲ್ತ ಕರ್ನಾಟಕ ವಿಶ್ವವಿದ್ಯಾಲಯದ ಪಿನ್ 580003. ಅದೂ ಅವಿಭಾಜ್ಯ ಆಗಿದ್ರ ಎಷ್ಟ ಚಂದ ಆಗತಿತ್ತು ಅಲಾ?

---

ಮಾಸ್ತರ_ಗದಗ

ತಂಗೀ, ಹುಚ್ಚು ಪ್ರಶ್ನೆ ಅಲ್ಲ, ಭಾಳ ಛಲೋ ಪ್ರಶ್ನೆ. ನಾ ರಿಟೈರ್ ಆಗಿ ಮನ್ಯಾಗ ಕುಂತಾಂವ, ಮುಂಜಾನೆ ಪೇಪರ್ ಓದಿ ಮುಗದ ಮ್ಯಾಲೆ ಮಾಡಾಕ ಬ್ಯಾರೆ ಉದ್ಯೋಗ ಇಲ್ಲ, ಹಾಳಿ ಪೆನ್ನು ತಗೊಂಡು ಕುಂತೆ. ಚಹಾ ಎರಡು ಸಲ ಆರಿತು.

ಮೊದಲ ಎಲ್ಲಿ ನಿಂದರ್ಬೇಕು ಅನ್ನೂದು. ಒಂದು ಸಂಖ್ಯೆ ಎರಡರ ಗುಣಾಕಾರ ಆಗಿದ್ರ ಆ ಎರಡರಾಗ ಸಣ್ಣದು ವರ್ಗಮೂಲಕ್ಕಿಂತ ದೊಡ್ಡದು ಇರಾಕ ಸಾಧ್ಯ ಇಲ್ಲ, ಎರಡೂ ದೊಡ್ಡವಾದ್ರ ಗುಣಿಸಿದಾಗ ಸಂಖ್ಯೆನ ದಾಟಿ ಹೋಗ್ತಾವು. 761ರ ವರ್ಗ 579121, 762ರ ವರ್ಗ 580644. ಅಂದ್ರ 761ರ ತನಕ ನೋಡಿದ್ರ ಸಾಕು, ಅದೂ ಅವಿಭಾಜ್ಯಗಳು ಅಷ್ಟ. ಯಾಕಂದ್ರ 6ಕ್ಕ ಹೋಗೂದಾದ್ರ ಅದು ಮೊದಲ 2ಕ್ಕ ಹೋಗಿರತಿತ್ತು. 761 ತಾನೂ ಅವಿಭಾಜ್ಯನ, ಎಣಿಸಿದ್ರ ಅದು 135ನೇದು. ಅಂದ್ರ ಒಟ್ಟು 135 ಭಾಗಾಕಾರ. 2, 3, 5 ಮುಗದಾವು, ಉಳದಿದ್ದು 132. ಮನ್ಯಾಗ ಕವರ್ ಅಂಟಸಾಕ ಆರು ಮಂದಿ ಇದ್ದೀರಿ ಅಂದ್ರ ತಲಿಗೆ 22 ಬರ್ತಾವ, ಒಂದು ತಾಸಿನ ಕೆಲಸ. ನಾ ಒಬ್ಬನ ಎಲ್ಲಾ ಮಾಡಿ ನೋಡೀನಿ, ಒಂದೂ ಹೋಗ್ಲಿಲ್ಲ. 580001 ಅವಿಭಾಜ್ಯ. ನನ್ನ ಮಾತು ನಂಬಿ ಬಿಡಬ್ಯಾಡ, ಹುಡುಗರ ಕಡಿಂದ ಮಾಡಸು.

ಈಗ ಬ್ಯಾಸರದ ಸುದ್ದಿ. 580003 ಅವಿಭಾಜ್ಯ ಅಲ್ಲ. ಇದನ್ನ ನಾ ಭಾಗಾಕಾರದಿಂದ ಹಿಡೀಲಿಲ್ಲ, ಹಂಗ ಹಿಡಿಯಾಕ ಹೋಗಿದ್ರ 114ನೇ ಅವಿಭಾಜ್ಯದ ತನಕ ಹೋಗಬೇಕಿತ್ತು. ಫರ್ಮಾ ಅನ್ನೂ ಫ್ರಾನ್ಸ್ ದೇಶದ ವಕೀಲ 17ನೇ ಶತಮಾನದಾಗ ಒಂದು ಯುಕ್ತಿ ಹೇಳ್ಯಾನ, ಅದನ್ನ ಹಚ್ಚಿದೆ. ಸಂಖ್ಯೆಕ್ಕಿಂತ ಜರಾ ದೊಡ್ಡ ವರ್ಗ ತಗೊಂಡು ಸಂಖ್ಯೆನ ಕಳೀಬೇಕು, ಉಳದಿದ್ದೂ ಒಂದು ವರ್ಗ ಆತಂದ್ರ ಕೆಲಸ ಆತು, ಯಾಕಂದ್ರ ಎರಡು ವರ್ಗದ ಅಂತರ ಅಂದ್ರ ಅವುಗಳ ಮೂಲ ಕೂಡಿಸಿದ್ದು ಗುಣಿಸು ಕಳದಿದ್ದು. 762ರ ವರ್ಗದಾಗ 580003 ಕಳದ್ರ 641, ವರ್ಗ ಅಲ್ಲ. ಮುಂದಿನ ವರ್ಗಕ್ಕ ಮತ್ತ ಗುಣಾಕಾರ ಬ್ಯಾಡ, 641ಕ್ಕ 1525 (762 ಮತ್ತ 763ರ ಮೊತ್ತ) ಕೂಡಿಸು, 2166. ಅದಕ್ಕ 1527 ಕೂಡಿಸು, 3693. ಆಮ್ಯಾಲೆ 1529, ಹಿಂಗ ಎರಡೆರಡು ಏರ್ಕೋತ ಹೋಗೂದು. 2, 3, 7, 8ರಾಗ ಮುಗಿಯೂ ಸಂಖ್ಯೆ ವರ್ಗ ಆಗೂದ ಇಲ್ಲ ಅಂತ ಸಾಲ್ಯಾಗ ಹೇಳಿರ್ತಾರ, ಅದರಿಂದ 17ರಾಗ 9 ಕಣ್ಣಿಲೇನ ಹಾರಿ ಹೋದುವು. ಹದಿನೇಳನೇ ಸಲಕ್ಕ 778ರ ವರ್ಗದಾಗ ಕಳದ್ರ 25281 ಬಂತು, ಅದು 159ರ ವರ್ಗ! ಅಂದ್ಮ್ಯಾಲೆ 778ರಾಗ 159 ಕಳದ್ರ 619, ಕೂಡಿಸಿದ್ರ 937. ಗುಣಿಸಿ ನೋಡು, 619 × 937 = 580003. ಇನ್ನ ಈ ಕಡೆ 579999ರಾಗ ಅಂಕಿ ಕೂಡಿಸಿದ್ರ 48, 3ಕ್ಕ ಹೋಗ್ತೈತಿ. (ಪೂರಾ ಬಿಚ್ಚಿದ್ರ 3 × 7 × 71 × 389. ನಿನಗ 7ಕ್ಕೂ 71ಕ್ಕೂ ಎರಡೇ ಉಳಿದಿದ್ದು ಇದಕ್ಕ.) ಎರಡೂ ಬಾಜೂ ಜೋಡಿ ಇಲ್ಲ. ಅವಳಿ ನಗರದ ಧಾರವಾಡ, ಸಂಖ್ಯಾದಾಗ ಒಂಟಿ.

---

ಹುಬ್ಳಿ_ಹುಡುಗ

ಮಾಸ್ತರಿಗೆ ದೊಡ್ಡ ಸಲಾಂ 🙏 ಆದ್ರ ಒಂಟಿ ಅಂತ ಕೇಳಿ ನಗು ತಡಕೊಳ್ಳಾಕ ಆಗ್ಲಿಲ್ಲ, ಯಾಕಂದ್ರ ನಮ್ಮ ಹುಬ್ಬಳ್ಳಿ ಹೆಡ್ ಪೋಸ್ಟಾಫೀಸಿನ ಪಿನ್ 580020 ನೋಡ್ರಿ, 2 × 2 × 3 × 5 × 7 × 1381, ಅಪವರ್ತನ ಎಣಿಸಿದ್ರ 48 ಅದಾವು, ನಲವತ್ತೆಂಟು! ಅದನ್ನ ಬಿಟ್ಟು ಉಳದ ಅಪವರ್ತನ ಎಲ್ಲಾ ಕೂಡಿಸಿದ್ರ 1277388, ತನಗಿಂತ ಎರಡು ಪಟ್ಟಿಗೂ ಜಾಸ್ತಿ, ಹಿಂಗ ಮೊತ್ತ ತನಗಿಂತ ಜಾಸ್ತಿ ಆಗೂವಕ್ಕ ಸಮೃದ್ಧ ಸಂಖ್ಯೆ ಅಂತಾರ. ಬಾಜಾರ ಊರು ಅಂದ್ರ ಹಿಂಗ ಇರಬೇಕ್ರಿ, ಬಂದಾವ್ರಿಗೆಲ್ಲಾ ಪಾಲು. ಧಾರವಾಡದಾವ್ರು ಸಾಹಿತ್ಯ ಸಂಗೀತ ಅಂತ ಒಬ್ಬೊಬ್ರ ಕುಂತಿರ್ತಾರ, ಅವಿಭಾಜ್ಯ ಆಗದ ಏನ ಮಾಡ್ಯಾರು 😂

ನಾ ಕೈಲೆ ಮಾಡಾಂವ ಅಲ್ಲ, ಮುಚ್ಚುಮರಿ ಇಲ್ಲ, ಲ್ಯಾಪ್‌ಟಾಪ್‌ನ್ಯಾಗ ಪೈಥಾನ್ ಹತ್ತು ಸಾಲು ಬರದೆ ಅಷ್ಟ. ಆದ್ರ ಹಂಗ ಆಟ ಆಡ್ತಿರಬೇಕಾದ್ರ ಒಂದು ಸಿಕ್ತು, ಅದನ್ನ ಹೇಳಾಕ ಬಂದೆ. ಮಹಾರಾಷ್ಟ್ರದ ದೇವಳಾಲಿಯೊಳಗ ಸಾಲಿ ಮಾಸ್ತರ ಆಗಿದ್ದ ಕಾಪ್ರೇಕರ್ ಅಂತ ಒಬ್ರು, ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್, 6174 ಅನ್ನೂ ಸಂಖ್ಯೆಯಿಂದ ಜಗತ್ತಿಗೇ ಗೊತ್ತಾದಾವ್ರು. ಅಂಕಿಗಳ ಮೊತ್ತಕ್ಕ ಪೂರ್ತಿ ಭಾಗ ಆಗೂ ಸಂಖ್ಯೆಗೆ ಅವ್ರ ಹರ್ಷದ ಸಂಖ್ಯೆ ಅಂತ ಹೆಸರಿಟ್ರು, ಹರ್ಷ ಕೊಡೂದು ಅಂತ. 580020ರ ಅಂಕಿ ಕೂಡಿಸಿದ್ರ 15, ಭಾಗಿಸಿದ್ರ ಸರೀ 38668. ಹುಬ್ಬಳ್ಳಿ ಹರ್ಷದ! ಧಾರವಾಡ 14ಕ್ಕ ಹೋಗೂದಿಲ್ಲ, ಗದಗ 582101 ಅದರ ಮೊತ್ತ 17, ಹೋಗೂದಿಲ್ಲ, ಹಾವೇರಿ 581110 ಅದು 16, ಹೋಗೂದಿಲ್ಲ.

ಅದು ಬಿಡ್ರಿ, ಖರೇ ಮಜಾ ಮುಂದ ಐತಿ. ಕಾಪ್ರೇಕರ್ ಅವ್ರ ಆಟ ಏನಂದ್ರ ಸಂಖ್ಯೆದ ಅಂಕಿ ದೊಡ್ಡದರಿಂದ ಸಣ್ಣದಕ್ಕ ಜೋಡಸೂದು, ಅದರಾಗ ಸಣ್ಣದರಿಂದ ದೊಡ್ಡದಕ್ಕ ಜೋಡಿಸಿದ್ದನ್ನ ಕಳಿಯೂದು, ಬಂದ ಉತ್ತರಕ್ಕ ಮತ್ತ ಅದನ್ನ ಮಾಡೂದು. ನಾಕು ಅಂಕಿದು ತಗೊಂಡ್ರ, ನಾಕೂ ಒಂದ ಅಂಕಿ ಇರಬಾರ್ದು ಅಷ್ಟ, ಕಡೀಕ 6174ಕ್ಕ ಬಂದು ನಿಂದರ್ತೈತಿ. ಆರು ಅಂಕಿಗೆ ಹಂಗ ಒಂದ ಜಾಗಾ ಇಲ್ಲ. ಧಾರವಾಡ ಹಾಕಿ ನೋಡ್ರಿ:

851000 − 000158 = 850842
885420 − 024588 = 860832
886320 − 023688 = 862632
866322 − 223668 = 642654
665442 − 244566 = 420876
876420 − 024678 = 851742
875421 − 124578 = 750843
875430 − 034578 = 840852
885420 − 024588 = 860832

ನೋಡಿದ್ರ್ಯಾ, 860832 ಮತ್ತ ಬಂತು, ಇನ್ನ ಅಲ್ಲೇ ಗಿರಕಿ, ಏಳು ಸ್ಟಾಪಿನ ಸಿಟಿ ಬಸ್ ಇದ್ದಂಗ. ಈಗ ಹುಬ್ಬಳ್ಳಿ ಹಾಕ್ರಿ. 852000ದಾಗ 000258 ಕಳದ್ರ 851742. ಒಂದ ಹೆಜ್ಜಿಗೆ ಅದ ಬಸ್ ಹತ್ತಿ ಬಿಡ್ತು! ಧಾರವಾಡಕ್ಕ ಎರಡು ಹೆಜ್ಜಿ ಬೇಕಾತು, ಹುಬ್ಬಳ್ಳಿಗೆ ಒಂದು. ಅಕ್ಕಾರ, ಅವಳಿ ಅವಿಭಾಜ್ಯ ಸಿಗ್ಲಿಲ್ಲ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ, ಎರಡೂ ಊರು ಒಂದ ಚಕ್ರದಾಗ ಅದಾವು ನೋಡ್ರಿ.

---

ಏಲಕ್ಕಿ_ಹಾವೇರಿ

ಹುಬ್ಳಿ ತಮ್ಮ, ನಿನ್ನ ಬಸ್ಸಿನ ಟಯರ್ ಪಂಚರ್ ಮಾಡ್ತೀನಿ, ಸಿಟ್ಟಾಗಬ್ಯಾಡ. ಆರು ಅಂಕಿ ಸಂಖ್ಯೆಯೊಳಗ ಬಹುತೇಕ ಎಲ್ಲಾ ಬಂದು ಬೀಳೂದು ಆ ಏಳರ ಚಕ್ರಕ್ಕನ. ಕೆಲವು ಮಾತ್ರ 631764ಕ್ಕ ಹೋಗಿ ನಿಂದರ್ತಾವ, ಇನ್ನ ಭಾಳ ಸ್ವಲ್ಪ 549945ಕ್ಕ. ಗದಗ ಹಾಕು, 852110ದಾಗ 011258 ಕಳದ್ರ 840852, ಅದೂ ಒಂದ ಹೆಜ್ಜಿಗೆ ನಿನ್ನ ಬಸ್ಸಿನ್ಯಾಗ ಐತಿ. ಇನ್ನ ನಮ್ಮ ಹಾವೇರಿ ಹಾಕ್ದೆ, ಅದು 839952, 762633, 532665, 429966, 749943, 652644 ಅಂತ ಊರೂರು ತಿರುಗಿ ಏಳನೇ ಹೆಜ್ಜಿಗೆ 420876ಕ್ಕ ಬಂದು ಹತ್ತಿತು. ಹಾವೇರಿ ಸ್ಟ್ಯಾಂಡಿನ್ಯಾಗ ಬಸ್ಸಿಗೆ ಕಾಯೋರಿಗೆ ಇದು ಹೊಸಾ ಅನುಭವ ಏನ್ ಅಲ್ಲ ಬಿಡು. ಆದ್ರ ಅವಳಿ ಅಂತ ಹೇಳಾಕ ಇದು ಸಾಕ್ಷಿ ಅಲ್ಲ, ಬೆಂಗಳೂರಿಂದ ಬೀದರ್ ತನಕ ಯಾವ ಪಿನ್ ಹಾಕಿದ್ರೂ ಹೆಚ್ಚಿನವು ಅಲ್ಲೇ ಬರ್ತಾವ.

ಎರಡನೇದು, ಅವಿಭಾಜ್ಯ ಅಂದ್ರ ಏನೋ ಪವಾಡ ಅನ್ನೂ ಹಂಗ ಮಾತಾಡಾಕತ್ತೀರಿ. 580000ದ ಹತ್ರಹತ್ರ ಹದಿಮೂರು ಸಂಖ್ಯೆಗೆ ಒಂದು ಅವಿಭಾಜ್ಯ ಇರ್ತೈತಿ ಸರಾಸರಿ, ಒಂದು ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ ಎಷ್ಟೋ ಅಲ್ಲಿ ಸರಾಸರಿ ಅಷ್ಟಕ್ಕ ಒಂದು ಅನ್ನೂದು ಲೆಕ್ಕ, ಇಲ್ಲಿ ಅದು 13.27. ಕಡೀ ಅಂಕಿ 1 ಅಂತ ಮೊದಲ ಗೊತ್ತೈತಿ, 2 ಮತ್ತ 5 ಆಗ್ಲೇ ಹೋದುವು, ಅಂದ್ರ ಐದಕ್ಕ ಒಂದು ಅನ್ನೂ ಲೆಕ್ಕಕ್ಕ ಬಂತು. ನಮ್ಮ ಬೀದ್ಯಾಗ ನಿಂತಿರೂವುದ್ರಾಗ 1ಕ್ಕ ಮುಗಿಯೂ ಐದು ಬೈಕಿನ ನಂಬರ್ ನೋಡಿದ್ರ ಹೆಚ್ಚಾಗಿ ಒಂದಾದ್ರೂ ಅವಿಭಾಜ್ಯ ಸಿಗ್ತೈತಿ. ಮತ್ತ ಪಿನ್‌ಕೋಡ್ ಅನ್ನೂದು ಎಣಿಕಿ ಅಲ್ಲ, ಬರೇ ಚೀಟಿ. 1972ರ ಆಗಸ್ಟ್ 15ಕ್ಕ ಅಂಚೆ ಇಲಾಖೆ ಸುರು ಮಾಡಿದ್ದು, ಮೊದಲನೇ 5 ಅಂದ್ರ ನಮ್ಮ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ, ಮೊದಲ ಮೂರು ಅಂಕಿ ಟಪಾಲು ವಿಂಗಡಿಸೂ ಜಿಲ್ಲಾ, ಕಡೀ ಮೂರು ಆ ಪೋಸ್ಟಾಫೀಸು. 580 ಮತ್ತ 001 ಎರಡು ಬ್ಯಾರೆ ಮಾತು, ಅಂಟಿಸಿ ಒಂದು ಮಾಡಿ ಐದು ಲಕ್ಷ ಎಂಬತ್ತು ಸಾವಿರದ ಒಂದು ಅಂತ ಓದೂದು ನಮ್ಮ ಚಟ.

ಹರ್ಷದ, ಕಾಪ್ರೇಕರ್ ಚಕ್ರ, ಇವೆಲ್ಲಾ ನಮಗ ಹತ್ತು ಬೆರಳು ಅದಾವು ಅನ್ನೂದರ ಮ್ಯಾಲೆ ನಿಂತಾವು. ಎಂಟು ಬೆರಳಿನ ಪ್ರಾಣಿ ಬಂದು ಅದ ಸಂಖ್ಯೆನ ತನ್ನ ರೀತಿಲೆ ಬರದ್ರ ಅಂಕಿನ ಬ್ಯಾರೆ ಆಗ್ತಾವು, ಮೊತ್ತಾನೂ ಬ್ಯಾರೆ. ಅವಿಭಾಜ್ಯ ಹೌದೋ ಅಲ್ಲೋ ಅನ್ನೂದು ಮಾತ್ರ ಬದಲಾಗೂದಿಲ್ಲ, 580001 ಹುಣಸಿಬೀಜ ಎಣಿಸಿ ಇಟ್ರ ಒಂದ ಸಾಲು ಬಿಟ್ಟು ಸರಿಸಮ ಸಾಲು ಯಾವ ರೀತೀನೂ ಹಚ್ಚಾಕ ಆಗೂದಿಲ್ಲ. ನನಗ ಆಸಕ್ತಿ ಇರೂದು ಅಂಥಾದ್ರಾಗ.

ನಮ್ಮ ಹಾವೇರಿ ಪಿನ್ನಂತೂ ಅಗದೀ ಸಪ್ಪಗ, 2 × 5 × 58111, ಮುಗೀತು. ಅದಕ್ಕ ಹೊಟ್ಟಿಕಿಚ್ಚಿಗೆ ಹಿಂಗ ಬರ್ಯಾಕತ್ತೀನಿ ಅನ್ಕೊಂಡ್ರೂ ಅಡ್ಡಿ ಇಲ್ಲ.

---

ಹುಬ್ಳಿ_ಹುಡುಗ

ಏಲಕ್ಕಿ ಅಣ್ಣಾ ಪಂಚರ್ ಖರೇನ ಮಾಡಿದಿ 😅 ಈಗ ಒಂದು ಲಕ್ಷದಿಂದ ಒಂಬತ್ತು ಲಕ್ಷದ ತೊಂಬತ್ತೊಂಬತ್ತು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತರ ತನಕ ಓಡಿಸಿ ನೋಡ್ದೆ, ನೀ ಹೇಳಿದ್ದು ಬರೋಬ್ಬರಿ, ಚಕ್ರಕ್ಕ ಬೀಳೂದ ಜಾಸ್ತಿ. ಆದ್ರೂ ಹರ್ಷದ ನಮ್ಮದು ಒಂದ ಅಲ್ಲೋ, ಅದನ್ನ ಬಿಟ್ಟು ಕೊಡಂಗಿಲ್ಲ.

---

ಮಾಸ್ತರ_ಗದಗ

ಹಾವೇರಿಯವ್ರ ಮಾತು ಒಪ್ಪೀನಿ, ಬೆರಳಿನ ಮ್ಯಾಲೆ ನಿಂತಿದ್ದು ಬಿಟ್ಟು ಹುಣಸಿಬೀಜದ ಮ್ಯಾಲೆ ನಿಂತಿದ್ದನ್ನ ಹೇಳ್ತೀನಿ. ನಿನ್ನೆ ರಾತ್ರಿ ನಿದ್ದಿ ಹತ್ತಲಿಲ್ಲ, ಕತ್ತಲದಾಗ ಮಲಕೊಂಡು ತಲ್ಯಾಗ ಮಾಡಿದ್ದು ಇದು.

580001ನ 4ಕ್ಕ ಭಾಗಿಸಿದ್ರ 1 ಉಳೀತೈತಿ. ಹಂಗ 1 ಉಳಿಯೂ ಪ್ರತಿ ಅವಿಭಾಜ್ಯಾನೂ ಎರಡು ವರ್ಗದ ಮೊತ್ತ ಆಗ್ತೈತಿ, ಅದೂ ಒಂದ ಒಂದು ರೀತಿಲೆ. 13 ಅಂದ್ರ 9 ಕೂಡಿಸು 4, 29 ಅಂದ್ರ 25 ಕೂಡಿಸು 4. ಫರ್ಮಾ ಇದನ್ನ 1640ರ ಡಿಸೆಂಬರ್ 25ಕ್ಕ ಮರ್ಸೆನ್ ಅನ್ನೂ ಪಾದ್ರಿಗೆ ಕಾಗದ ಬರದು ತಿಳಿಸಿದ್ದ, ಸಾಧನೆ ಮಾತ್ರ ಬರೀಲಿಲ್ಲ, ಅದನ್ನ ಮುಂದ ನೂರು ವರ್ಷ ಆದ ಮ್ಯಾಲೆ ಆಯ್ಲರ್ ಅನ್ನೂ ಗಣಿತಜ್ಞ ಮಾಡಬೇಕಾತು. ಇರ್ಲಿ. ಹಂಗಾದ್ರ ಧಾರವಾಡದ ಆ ಎರಡು ವರ್ಗ ಯಾವು? 761ರ ವರ್ಗ ತಗದೆ, 880 ಉಳೀತು, ವರ್ಗ ಅಲ್ಲ. 760 ತಗದೆ. 577600. ಉಳದದ್ದು 2401.

ಎದ್ದು ಕುಂತೆ. 2401 ಅಂದ್ರ 49ರ ವರ್ಗ! ಎರಡನೇ ಸಲಕ್ಕ ಸಿಕ್ತು.

760² + 49² = 580001

ಮನಿಯಾಕಿ ಎಚ್ಚರಾಗಿ "ಏನಾತ್ರೀ, ಎದಿ ನೋವೇನು" ಅಂದ್ಳು. ಎರಡು ವರ್ಗ ಸಿಕ್ವು ಅಂದೆ. ಮತ್ತ ಮಗ್ಗಲಾಗಿ ಮಲಗಿದ್ಳು.

ಇದರಿಂದ ಅವಿಭಾಜ್ಯ ಅಂತ ಸಿದ್ಧ ಮಾಡೂ ಇನ್ನೊಂದು ದಾರೀನೂ ಸಿಕ್ತೈತಿ. 4ಕ್ಕ ಭಾಗಿಸಿ 1 ಉಳಿಯೂ ಸಂಖ್ಯೆಗೆ ಇಂಥಾ ಜೋಡಿ ಒಂದ ಒಂದು ಇದ್ದು, ಆ ಎರಡಕ್ಕೂ ಸಾಮಾನ್ಯ ಅಪವರ್ತನ ಇರಲಿಲ್ಲಂದ್ರ ಅದು ಅವಿಭಾಜ್ಯ, ಇದು ಆಯ್ಲರ್ ಹೇಳಿದ್ದು. ದೊಡ್ಡದು 539ರಿಂದ 761ರೊಳಗ ಇರ್ತೈತಿ. ಮೊತ್ತ 1ರಾಗ ಮುಗೀಬೇಕಾದ್ರ ಆ ದೊಡ್ಡದು 0, 1, 4, 5, 6, 9ರಾಗ ಮುಗೀಬೇಕು, ಉಳದಾವು ಬ್ಯಾಡ. ಎಷ್ಟು ಉಳದುವು ಎಣಿಸಿ ನೋಡ್ರಿ: 135! ಭಾಗಾಕಾರದ್ದೂ 135, ಇದೂ 135. ಇದಕ್ಕೇನೂ ಕಾರಣ ಇಲ್ಲ, ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಆತು ಅಷ್ಟ. ಆದ್ರ ಇಲ್ಲೆ 3ಕ್ಕ ಹೋಗೂವು ಎಲ್ಲಾ ಬಿಡಬಹುದು, 580001ನ 3ಕ್ಕ ಭಾಗಿಸಿದ್ರ 2 ಉಳೀತೈತಿ, ಹಂಗಾಗಿ ಎರಡೂ ವರ್ಗಕ್ಕ ಒಂದೊಂದು ಉಳೀಲೇಬೇಕು. ಮೂರರಾಗ ಒಂದು ಪಾಲು ಕೆಲಸ ಕಮ್ಮಿ ಆತು.

ಹುಬ್ಬಳ್ಳಿ 580020 ಎರಡು ವರ್ಗದ ಮೊತ್ತ ಆಗಾಕ ಸಾಧ್ಯನ ಇಲ್ಲ. 3 ಮತ್ತ 7, ಇವು 4ಕ್ಕ ಭಾಗಿಸಿದ್ರ 3 ಉಳಿಯೂ ಜಾತಿ, ಒಂದೊಂದ ಸಲ ಬಂದಾವು, ಜೋಡಿ ಇಲ್ಲ, ಆ ಎರಡೂ ಬಾಗ್ಲಾ ಹಾಕ್ತಾವು. 48 ಅಪವರ್ತನ ಇದ್ರೂ ಈ ಒಂದು ಭಾಗ್ಯ ಇಲ್ಲ ತಮ್ಮಾ.

ಇನ್ನ ನಮ್ಮ ಗದಗ. 582101 ಅಂದ್ರ 13 × 44777, ಮತ್ತ 44777 ಅವಿಭಾಜ್ಯ. ಎರಡೂ 1 ಉಳಿಯೂ ಜಾತಿ. 13 = 3² + 2². 44777ಕ್ಕ 211ರ ವರ್ಗ ತಗದ್ರ 256 ಉಳೀತು, ಅದು 16ರ ವರ್ಗ. ಈಗ ಎರಡನ್ನೂ ಕೂಡಸೂ ಸೂತ್ರ ಹೊರದೇಶದ್ದಲ್ಲ, ನಮ್ಮ ಬ್ರಹ್ಮಗುಪ್ತಂದು, 628ರದ್ದು. ಅಂವ ಇನ್ನೂ ದೊಡ್ಡ ರೂಪದಾಗ ಹೇಳ್ಯಾನ, ಅದಕ್ಕ ಭಾವನಾ ಅಂತ ಹೆಸರು. ಅಡ್ಡಾದಿಡ್ಡಿ ಗುಣಿಸಿ ಒಂದು ಕಡೆ ಕೂಡಿಸಿ ಇನ್ನೊಂದು ಕಡೆ ಕಳೀಬೇಕು: 3 × 211 ಅಂದ್ರ 633, 2 × 16 ಅಂದ್ರ 32. 3 × 16 ಅಂದ್ರ 48, 2 × 211 ಅಂದ್ರ 422. ಮೊದಲನೇ ಜೋಡಿ ಕೂಡಿಸಿ ಎರಡನೇದು ಕಳದ್ರ 665 ಮತ್ತ 374. ಉಲ್ಟಾ ಮಾಡಿದ್ರ 601 ಮತ್ತ 470.

665² + 374² = 582101
601² + 470² = 582101

ಗದಗಕ್ಕ ಎರಡು ದಾರಿ! ಧಾರವಾಡಕ್ಕ ಒಂದು, ಹುಬ್ಬಳ್ಳಿಗೆ ಇಲ್ಲ, ಗದಗಕ್ಕ ಎರಡು. ಜಂಕ್ಷನ್ ಊರು ನೋಡ್ರಿ. (ಹುಬ್ಬಳ್ಳೀನೂ ಜಂಕ್ಷನ್ ಅಂತ ಈಗ ಯಾರೂ ಹೇಳಬ್ಯಾಡ್ರಿ, ನಂಗೂ ಗೊತ್ತೈತಿ.)

---

ಏಲಕ್ಕಿ_ಹಾವೇರಿ

ಸರ್, ಇದಕ್ಕ ಮಾತ್ರ ತಲಿ ಬಾಗಿದೆ. 2401 ಎರಡನೇ ಸಲಕ್ಕ ಸಿಕ್ಕಿದ್ದು ನಸೀಬು. ವರ್ಗಮೂಲದ ಬಾಜೂಕೇ ಸಿಕ್ತಲ್ಲ, ಇಲ್ಲಂದ್ರ ನೂರಾರು ತಗದು ನೋಡಬೇಕಾಗ್ತಿತ್ತು.

ಅವಳಿ ಅವಿಭಾಜ್ಯದ ಬಗ್ಗೆ ಅಕ್ಕಾರಿಗೆ ಒಂದು ಮಾತು. ಅವು ಮುಗಿಯೂದ ಇಲ್ಲ, ಎಷ್ಟ ದೂರ ಹೋದ್ರೂ ಸಿಗ್ತಾವು ಅಂತ ಎಲ್ಲಾರೂ ನಂಬ್ಯಾರ, ಸಿದ್ಧ ಮಾಡಿದಾವ್ರು ಇವತ್ತಿನ ತನಕ ಯಾರೂ ಇಲ್ಲ. 2013ರಾಗ ಯಿತಾಂಗ್ ಝಾಂಗ್ ಅನ್ನಾವ್ರು, ಅಲ್ಲಿ ತನಕ ಅವ್ರ ಹೆಸರು ಕೇಳಿದಾವ್ರ ಕಮ್ಮಿ, 7 ಕೋಟಿಕ್ಕಿಂತ ಕಮ್ಮಿ ಅಂತರದ ಜೋಡಿ ಅನಂತ ಅದಾವು ಅಂತ ತೋರಿಸಿದ್ರು. ಆ ಏಳು ಕೋಟೀನ ಉಳದಾವ್ರೆಲ್ಲಾ ಸೇರಿ 246ಕ್ಕ ಇಳಿಸ್ಯಾರ. 2ಕ್ಕ ಇಳೀವಲ್ದು. 580001ರ ಬಾಜೂ ಜೋಡಿ ಇಲ್ಲ ಅನ್ನೂದು ಮಾಸ್ತರು ಹದಿನೇಳು ಕಳಿಯೂ ಲೆಕ್ಕದಾಗ ಮುಗಿಸಿ ಬಿಟ್ರು, ಒಟ್ಟು ಜೋಡಿ ಮುಗೀತಾವೋ ಇಲ್ಲೋ ಅನ್ನೂದು ಮಾತ್ರ ಹಂಗ ಕುಂತೈತಿ.

---

ಪೇಢೆ_ಪ್ರಿಯೆ, ಧಾರವಾಡ

ಎಲ್ಲಾರಿಗೂ ಭಾಳ ಭಾಳ ಥ್ಯಾಂಕ್ಸ್ರಿ. ಮಾಸ್ತರ ಹೇಳಿದಂಗ ಮಾಡಿದ್ವಿ. ನಿನ್ನೆ ರಾತ್ರಿ ಊಟ ಆದ ಮ್ಯಾಲೆ ನಾ, ಅಕ್ಕ (ಮದಲಗಿತ್ತಿ, ಕೈಗೆ ಮೆಹಂದಿ ಬ್ಯಾರೆ, ಬಾಯಿಲೆ ಹೇಳ್ತಿದ್ಳು ಬ್ಯಾರೆಯಾವ್ರು ಬರೀತಿದ್ರು), ಅಪ್ಪಾಜಿ, ಕಾಕಾನ ಇಬ್ರು ಮಕ್ಕಳು, ಮತ್ತ ಮಾಮಾ. ಆರು ಮಂದಿ, ತಲಿಗೆ 22. ಅಪ್ಪಾಜಿ ಎಲ್ಲಾರಿಗಿಂತ ಮೊದಲ ಮುಗಿಸಿದ್ರು, ಅಂಗಡಿ ಲೆಕ್ಕ ಬರದ ಕೈ ಅದು. ಮಾಮಾ ಎಂಟು ಮಾಡಿ ಚುನಮುರಿ ಮುಂದಿಟ್ಕೊಂಡು ಕುಂತ, ಅವಂದು ಉಳದಿದ್ದೂ ನಾನ ಮಾಡಿದೆ.

ಎಲ್ಲಾದ್ರಾಗೂ ಏನಾದ್ರೂ ಉಳಿಯಾಕತ್ತಿತ್ತು, ಖುಷಿಲೆ ಇದ್ವಿ. ಅಷ್ಟ್ರಾಗ ಆ ಏಳನೇತ್ತ ಹುಡುಗ ಒದರಿದ: "ಹೋತು! ಪೂರ್ತಿ ಹೋತು! 523ಕ್ಕ 1109 ಸಲ!"

ಎಲ್ಲಾರೂ ಸುಮ್ಮ ಆದ್ವಿ. ಮಾಸ್ತರು ತಪ್ಪಿದ್ರೇನು ಅಂತ ಅಪ್ಪಾಜಿ ನನ್ನ ಮಾರಿ ನೋಡಿದ್ರು. ನಾ ಅವನ ಹಾಳಿ ಕಸಗೊಂಡು ಗುಣಿಸಿ ನೋಡಿದೆ, 523 × 1109. ಬಂದಿದ್ದು 580007. ಅಂವ ನಾ ಬರದ ಕವರ್ ಮುಂದಿಟ್ಕೊಂಡು ಅದನ್ನ ನೋಡಿ ಭಾಗಿಸಾಕತ್ತಿದ್ದ. ನಾ 1 ಬರ್ಯಾಗ ತಲಿಗೊಂದು ಸಣ್ಣ ಕೊಂಡಿ ಹಚ್ತೀನಿ, ಮೊದಲಿಂದ ರೂಢಿ, ಅದು ಅವನ ಕಣ್ಣಿಗೆ 7 ಕಂಡೈತಿ. ಸರಿಯಾದ ಸಂಖ್ಯೆ ಹಾಕಿ ಮಾಡಿದ್ರ 1108 ಸಲ ಹೋಗಿ 517 ಉಳೀತು. 132ರಾಗ ಒಂದೂ ಹೋಗ್ಲಿಲ್ಲ ಮಾಸ್ತರ, ಬರೋಬ್ಬರಿ ಐತಿ.

ಆಮ್ಯಾಲೆ ಅವ ಹುಡುಗ 760 × 760 ತಾನ ಗುಣಿಸಿ, 49 × 49 ತಾನ ಗುಣಿಸಿ, ಕೂಡಿಸಿ, ಎರಡು ಸಲ ಗೆರಿ ಎಳದು ಫ್ರಿಜ್ಜಿನ ಮ್ಯಾಲೆ ಅಂಟಿಸ್ಯಾನ. ಪತ್ರಿಕಿಗೆ ಇಟ್ಟಿದ್ದ ಗೋಂದಿಲೆ. ಅವ್ವ ಇನ್ನೂ ನೋಡಿಲ್ಲ.

ಈಗ ಹನ್ನೊಂದು ಹೊಡದೈತಿ, ಅಂಟಿಸಿಟ್ಟ ಕವರ್ ಎಲ್ಲಾ ಮತ್ತ ಚಾಪಿ ಮ್ಯಾಲೆ ಹರವಿಕೊಂಡು ಕುಂತೇವಿ, ನಾ ಮತ್ತ ಅಪ್ಪಾಜಿ. ಅವ್ರು ಒಂದೊಂದ ಎತ್ತಿ ಲೈಟಿಗೆ ಹಿಡದು "ಇದು ಒಂದೋ ಏಳೋ" ಅಂತ ಕೇಳ್ತಾರ, ನಾ ಕೊಂಡಿ ಮ್ಯಾಲೆ ವೈಟ್ನರ್ ಹಚ್ತೀನಿ.